ವಾಸಿಯಾಗದ ಚರ್ಮದ ಸೋಂಕು: ಸಾಕ್ಷ್ಯ ಅಳಿಸದೆ ಕಾರಣ ಹುಡುಕುವುದು ಹೇಗೆ

ತೊಡೆಸಂದಿನಲ್ಲಿ ಕಂದುಗೆಂಪು ಕಲೆ ಎದ್ದರೆ ಅದಕ್ಕೆ ನಮ್ಮಲ್ಲಿ ಹೆಸರು ಮೊದಲೇ ಸಿದ್ಧವಿರುತ್ತದೆ: ಹುಳುಕಡ್ಡಿ. ಮೆಡಿಕಲ್ ಶಾಪಿನಲ್ಲಿ ಕೊಡುವ ಟ್ಯೂಬ್ ಕೂಡ ಸಿದ್ಧವೇ. ನಾಲ್ಕು ದಿನಕ್ಕೆ ಕೆಂಪು ಇಳಿಯುತ್ತದೆ, ಹದಿನೈದು ದಿನಕ್ಕೆ ಮರಳುತ್ತದೆ, ಮತ್ತೊಂದು ಟ್ಯೂಬ್ ಬರುತ್ತದೆ. ಹೀಗೆ ವರ್ಷಗಟ್ಟಲೆ ಹಚ್ಚಿಕೊಂಡವರಲ್ಲಿ ಕೆಲವರಿಗೆ ಇರುವುದು ಫಂಗಸ್ಸೇ ಅಲ್ಲ, ಬ್ಯಾಕ್ಟೀರಿಯಾ. ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ತಿಂಗಳ ಮೇಲೆ ಏಳುವ ಗಂಟು, ಕ್ಷಯದ ಮಾತ್ರೆ ನುಂಗಿದರೂ ಸೋರುವ ಕೀವುಬಾವು, ಚಿಬ್ಬು ಎಂದುಕೊಂಡ ಮಸುಕು ಮಚ್ಚೆ, ಇವುಗಳ ಪಾಡೂ ಹಾಗೆಯೇ.

ಇಂಥ ಸೋಂಕುಗಳು ಪತ್ತೆಯಾಗದಿರಲು ವೈದ್ಯರ ಅಜ್ಞಾನವೊಂದೇ ಕಾರಣವಲ್ಲ. ಅವರು ನೋಡುವ ಹೊತ್ತಿಗೆ ಸಾಕ್ಷ್ಯವೇ ಅಳಿಸಿಹೋಗಿರುತ್ತದೆ. ಮುಲಾಮು ಕೆಂಪನ್ನು ಮುಚ್ಚಿರುತ್ತದೆ, ಆ್ಯಂಟಿಬಯೋಟಿಕ್ ಕಲ್ಚರ್ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಕೆಡಿಸಿರುತ್ತದೆ, ಬಯಾಪ್ಸಿಗೆಂದು ಕತ್ತರಿಸಿದ ಚರ್ಮದ ತುಂಡನ್ನು ಇಡಿಯಾಗಿ ಫಾರ್ಮಲಿನ್ ಎಂಬ ಸಂರಕ್ಷಕ ದ್ರಾವಣಕ್ಕೆ ಹಾಕಿರುತ್ತಾರೆ. ರೋಗಿಯ ಕೈಯಲ್ಲಿರುವ ಕೆಲಸ ಮುಖ್ಯವಾಗಿ ಒಂದು: ಸಾಕ್ಷ್ಯ ಉಳಿಸಿ, ಸರಿಯಾದ ಪರೀಕ್ಷೆಗೆ ಸರಿಯಾದ ದಿನ ಒಯ್ಯುವುದು.

ಕಾಯಬಾರದ ಲಕ್ಷಣಗಳು

ಈ ಬರಹದ ಉಳಿದ ಭಾಗವೆಲ್ಲ ವಾರ, ತಿಂಗಳುಗಳಿಂದ ಎಳೆಯುತ್ತಿರುವ ಸೋಂಕಿನ ಬಗ್ಗೆ. ಕೆಂಪು ಗಂಟೆಗಳಲ್ಲಿ ಹರಡುತ್ತಿದ್ದರೆ, ಚಳಿ ಜ್ವರ ಬಂದರೆ, ಕಾಣುವ ಗಾಯಕ್ಕಿಂತ ನೋವು ವಿಪರೀತವಾಗಿದ್ದರೆ, ಚರ್ಮ ಕಪ್ಪುಗಟ್ಟಿದರೆ ಅಥವಾ ಒತ್ತಿದಾಗ ಒಳಗೆ ಗಾಳಿ ಚರಚರ ಎಂದರೆ, ಕಣ್ಣಿನ ಸುತ್ತ ಊತ ಬಂದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ಹೊರಡುವ ಮೊದಲು ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಎಷ್ಟು ವೇಗವಾಗಿ ಹರಡುತ್ತಿದೆ ಎಂದು ಆ ಗೆರೆಯೇ ಹೇಳುತ್ತದೆ. ಇಂಥ ಸ್ಥಿತಿಯಲ್ಲಿ ಕಲ್ಚರ್‌ಗಾಗಿ ಔಷಧಿ ತಡೆಹಿಡಿಯುವ ಪ್ರಶ್ನೆಯೇ ಇಲ್ಲ.

ಟ್ಯೂಬಿನ ಹಿಂಬದಿ ಓದಿ

ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಒಟ್ಟುಮಾಡಿ, ಖಾಲಿಯಾದವನ್ನೂ ಸೇರಿಸಿ. ಬ್ರ್ಯಾಂಡ್ ಹೆಸರು ಬಿಡಿ, ಸಣ್ಣ ಅಕ್ಷರ ನೋಡಿ. ಕ್ಲೋಬೆಟಸಾಲ್, ಬೀಟಮೆಥಸೋನ್, ಮೊಮೆಟಸೋನ್, ಫ್ಲುವೊಸಿನೊಲೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಅದರ ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆ್ಯಂಟಿಬಯೋಟಿಕ್ ಬೆರೆಸಿ ಮಾರುವುದು ರೂಢಿ. ಸ್ಟೀರಾಯ್ಡ್ ಕೆಂಪು ಮತ್ತು ತುರಿಕೆಯನ್ನು ಇಳಿಸುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ. ಬೇಗ ಗುಣ ಕಂಡ ಹಾಗಾಗಿ ಮತ್ತೆ ಮತ್ತೆ ಮರಳುವುದು ಇದರಿಂದಲೇ. ಎಷ್ಟೋ ಮಿಶ್ರಣಗಳಲ್ಲಿರುವ ನಿಯೊಮೈಸಿನ್‌ಗೆ ಚರ್ಮವೇ ಅಲರ್ಜಿಯಾಗಿ, ಸೋಂಕಿನ ಮೇಲೊಂದು ಇಸಬು ಕೂತು ಗುರುತೇ ಸಿಗದಂತಾಗುವುದೂ ಉಂಟು. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಕೌಂಟರಿನಲ್ಲಿ ಕೇಳಿದರೆ ಈಗಲೂ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

ಇಂಥ ಕ್ರೀಮ್ ನಿಲ್ಲಿಸಿದ ಮೊದಲ ವಾರ, ಎರಡು ವಾರ ಕೆಂಪು ಹೆಚ್ಚಾಗುತ್ತದೆ. ಹೆದರಿ ಮತ್ತೆ ಹಚ್ಚುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಆದರೆ ಮುಖಕ್ಕೆ ಅಥವಾ ಮೈಯ ದೊಡ್ಡ ಭಾಗಕ್ಕೆ ತಿಂಗಳುಗಟ್ಟಲೆ ಹಚ್ಚಿದ್ದರೆ, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ತಾವಾಗಿ ನಿಲ್ಲಿಸಬಾರದು, ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಮನೆಮದ್ದಿಗೂ ಇದೇ ಮಾತು. ಬೆಳ್ಳುಳ್ಳಿ ಅರೆದು ಕಟ್ಟಿದರೆ, ಎಕ್ಕದ ಹಾಲು ಸವರಿದರೆ ಚರ್ಮ ಸುಡುತ್ತದೆ. ಆಮೇಲೆ ಕಾಣುವುದು ಸುಟ್ಟಗಾಯವೇ ಹೊರತು ಮೂಲ ರೋಗವಲ್ಲ. ಅರಿಶಿನ, ನೀಲಿ ಔಷಧಿ ಬಣ್ಣ ಮುಚ್ಚುತ್ತವೆ. ಚರ್ಮರೋಗ ತಜ್ಞರಿಗೆ ಬಣ್ಣವೇ ಅರ್ಧ ಉತ್ತರ.

ಫೋಟೋ ಮತ್ತು ಒಂದು ಪುಟದ ಟಿಪ್ಪಣಿ

ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಎರಡು ಫೋಟೋ ತೆಗೆಯಿರಿ. ಒಂದು ದೂರದಿಂದ, ಮೈಯ ಯಾವ ಭಾಗ ಎಂದು ತಿಳಿಯುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ನಾಣ್ಯ ಬೇಡ, ಒಂದು ರೂಪಾಯಿ ನಾಣ್ಯ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಳತೆಯಲ್ಲಿ ಬಂದಿದೆ. ಕೀವು ಸೋರುವ ದಿನ, ಕೆಂಪು ಏರಿದ ದಿನ ಹೆಚ್ಚುವರಿ ಫೋಟೋ ಇರಲಿ. ಅಪಾಯಿಂಟ್‌ಮೆಂಟಿನ ದಿನವೇ ಕಲೆ ತಣ್ಣಗಾಗಿರುವುದು ಸಾಮಾನ್ಯ.

ಟಿಪ್ಪಣಿ ಒಂದು ಪುಟ ಮೀರದಿರಲಿ. ಓಪಿಡಿಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಓದುವುದಿಲ್ಲ. ಯಾವಾಗ, ಎಲ್ಲಿ ಶುರುವಾಯಿತು, ಯಾವ ಔಷಧಿ ಯಾವ ತಾರೀಖಿನಿಂದ ಯಾವ ತಾರೀಖಿಗೆ, ಅದರಿಂದ ಏನಾಯಿತು. ಇದಕ್ಕಿಂತ ಮುಖ್ಯವಾದದ್ದು, ಶುರುವಾಗುವ ಮುನ್ನಿನ ಎರಡು ತಿಂಗಳಲ್ಲಿ ಆ ಜಾಗಕ್ಕೆ ಏನು ತಾಗಿತ್ತು ಎಂಬುದು: ಇಂಜೆಕ್ಷನ್, ಲ್ಯಾಪ್ರೋಸ್ಕೋಪಿ, ಟ್ಯಾಟೂ, ಮೀನಿನ ಮುಳ್ಳು, ಅಕ್ವೇರಿಯಂ ತೊಳೆದದ್ದು, ಮಳೆಗಾಲದ ಗದ್ದೆ ಕೆಸರು, ಮುಳ್ಳು ಚುಚ್ಚಿದ್ದು. ಯಾರೂ ಕೇಳದಿದ್ದರೂ ನೀವೇ ಹೇಳಿ. ಯಾವ ಕಲ್ಚರ್ ಬೇಕು ಎಂದು ತೀರ್ಮಾನವಾಗುವುದು ಈ ಸಾಲಿನ ಮೇಲೆ.

ಹುಳುಕಡ್ಡಿಯಂತೆ ಕಾಣುವ ಎರಿತ್ರಾಸ್ಮಾ

ಹುಳುಕಡ್ಡಿಯ ಅಂಚು ಉಬ್ಬಿರುತ್ತದೆ, ನಡುಭಾಗ ತಿಳಿಯಾಗುತ್ತದೆ, ತುರಿಕೆ ಜೋರು. ಎರಿತ್ರಾಸ್ಮಾದಲ್ಲಿ ಕಲೆ ಪೂರ್ತಿ ಒಂದೇ ಬಣ್ಣ, ಕಂದುಗೆಂಪು. ಮೇಲೆ ಸಣ್ಣ ಹೊಟ್ಟು, ಅಂಚು ಉಬ್ಬಿರುವುದಿಲ್ಲ, ತುರಿಕೆ ಕಡಿಮೆ. ತೊಡೆಸಂದು, ಕಂಕುಳು, ಸ್ತನದ ಕೆಳಗೆ, ಕಾಲ್ಬೆರಳ ಸಂದು ಇದರ ಜಾಗ. ಕಾರಣ ಕೊರಿನೆಬ್ಯಾಕ್ಟೀರಿಯಂ ಮಿನುಟಿಸಿಮಮ್ ಎಂಬ ಬ್ಯಾಕ್ಟೀರಿಯಾ. ಮಧುಮೇಹ, ಬೊಜ್ಜು, ಬೆವರು ಇದ್ದವರಲ್ಲಿ ಹೆಚ್ಚು.

ಇದನ್ನು ಪತ್ತೆ ಮಾಡಲು ವುಡ್ಸ್ ಲ್ಯಾಂಪ್ ಸಾಕು. ಕತ್ತಲೆ ಕೋಣೆಯಲ್ಲಿ ಆ ನೇರಳಾತೀತ ಬೆಳಕು ಬಿದ್ದರೆ ಕಲೆ ಹವಳದ ಕೆಂಪಾಗಿ ಹೊಳೆಯುತ್ತದೆ. ಈ ಬ್ಯಾಕ್ಟೀರಿಯಾ ತಯಾರಿಸುವ ಪಾರ್ಫಿರಿನ್ ಎಂಬ ವಸ್ತು ಆ ಹೊಳಪಿಗೆ ಕಾರಣ, ಅದು ನೀರಿನಲ್ಲಿ ತೊಳೆದುಹೋಗುತ್ತದೆ. ಡಾಕ್ಟರ ಬಳಿ ಹೋಗುವುದೆಂದು ಬೆಳಿಗ್ಗೆ ಸೋಪು ಹಾಕಿ ಉಜ್ಜಿ ಸ್ನಾನ ಮಾಡಿ ಹೋದರೆ ಲ್ಯಾಂಪಿನಡಿ ಏನೂ ಕಾಣುವುದಿಲ್ಲ. ಆ ದಿನ ಆ ಜಾಗ ತೊಳೆಯದೆ ಹೋಗಿ, ಮುಜುಗರ ಬೇಡ. ಪೌಡರ್, ಕ್ರೀಮ್ ಕೂಡ ಬೇಡ.

ಜೊತೆಗೆ ಹೊಟ್ಟು ಕೆರೆದು ಕೆಒಎಚ್ ಪರೀಕ್ಷೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ಫಂಗಸ್ ಹುಡುಕುವ ಪರೀಕ್ಷೆ, ಮಾಡುತ್ತಾರೆ. ಅದರಲ್ಲಿ ಫಂಗಸ್ ಕಾಣದಿದ್ದರೆ ಎರಡು ಅರ್ಥವಿದೆ. ಫಂಗಸ್ ನಿಜಕ್ಕೂ ಇಲ್ಲ, ಅಥವಾ ನಿನ್ನೆಯವರೆಗೆ ಹಚ್ಚಿದ ಫಂಗಸ್ ಕ್ರೀಮ್ ಅದನ್ನು ಮರೆಸಿದೆ. ಹಾಗಾಗಿ ಪರೀಕ್ಷೆಗೆ ಮುನ್ನ ಒಂದೆರಡು ವಾರ ಕ್ರೀಮ್ ಬಿಟ್ಟಿರಬೇಕು. ಕಾಲ್ಬೆರಳ ಸಂದಿನಲ್ಲಿ ಎರಡೂ ಒಟ್ಟಿಗೆ ಇರುವುದುಂಟು, ಅದನ್ನೂ ಕೇಳಿ. ಗುರುತು ಸಿಕ್ಕ ಮೇಲೆ ಚಿಕಿತ್ಸೆ ಕಷ್ಟದ್ದಲ್ಲ, ಹಚ್ಚುವ ಕ್ಲಿಂಡಮೈಸಿನ್ ಅಥವಾ ಫ್ಯುಸಿಡಿಕ್ ಆ್ಯಸಿಡ್, ಹೆಚ್ಚು ಹರಡಿದ್ದರೆ ನುಂಗುವ ಎರಿತ್ರೋಮೈಸಿನ್ ಗುಂಪಿನ ಔಷಧಿ.

ಅಂಗಾಲಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳು, ಕೆಟ್ಟ ವಾಸನೆ ಇದ್ದರೆ ಅದೂ ಬಹುಪಾಲು ಬ್ಯಾಕ್ಟೀರಿಯಾದ್ದೇ. ದಿನವಿಡೀ ಬೂಟು ಹಾಕುವವರಲ್ಲಿ, ಕಾಲು ಒದ್ದೆಯಾಗಿಯೇ ಇರುವವರಲ್ಲಿ ಬರುತ್ತದೆ. ಕಾಲು ಒಣಗಿರದಿದ್ದರೆ ಯಾವ ಮುಲಾಮೂ ನಿಲ್ಲದು.

ಮತ್ತೆ ಮತ್ತೆ ಏಳುವ ಕುರು

ಕುರು ಎದ್ದಾಗಲೆಲ್ಲ ಐದು ದಿನದ ಮಾತ್ರೆ ನುಂಗಿ ಮರೆಯುವುದು ಉತ್ತರವಲ್ಲ. ಕೀವಿದ್ದರೆ ಹೊರಗೆ ತೆಗೆಯುವುದೇ ಮುಖ್ಯ ಚಿಕಿತ್ಸೆ. ತೆಗೆಸಿದ ದಿನವೇ ಕೀವನ್ನು ಕಲ್ಚರ್‌ಗೆ ಕಳಿಸಿ, ಆಮೇಲೆ ಮಾತ್ರೆ ಶುರುವಾಗಲಿ. ಮೂಗಿನೊಳಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮನೆಮಾಡಿಕೊಂಡವರಲ್ಲಿ ಕುರು ಮರಳುತ್ತಲೇ ಇರುತ್ತದೆ. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ 2 ಶೇಕಡಾ ಮ್ಯುಪಿರೋಸಿನ್ ಮುಲಾಮನ್ನು ದಿನಕ್ಕೆರಡು ಬಾರಿ 5 ದಿನ ಮೂಗಿನ ಹೊಳ್ಳೆಗೆ, ಅದರ ಜೊತೆ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಸ್ನಾನ ಹೇಳುತ್ತಾರೆ. ಈ ದ್ರಾವಣ ಕಣ್ಣು, ಕಿವಿಗೆ ಹೋಗಬಾರದು. ಮನೆಯಲ್ಲಿ ಇನ್ನಿಬ್ಬರಿಗೆ ಕುರು ಏಳುತ್ತಿದ್ದರೆ ಎಲ್ಲರೂ ಒಂದೇ ವಾರ ಮಾಡದಿದ್ದರೆ ಪ್ರಯೋಜನವಿಲ್ಲ. ಟವೆಲ್, ರೇಜರ್, ದಿಂಬಿನ ಕವರ್ ಪ್ರತ್ಯೇಕವಾಗಿರಬೇಕು. ಸಕ್ಕರೆಯ ಎಚ್‌ಬಿಎ1ಸಿ ಪರೀಕ್ಷೆ ಒಮ್ಮೆ ಆಗಲೇಬೇಕು.

ತಿರುಗುಮುರುಗಾದ ತಪ್ಪೂ ಇದೆ. ಕಂಕುಳು, ತೊಡೆಸಂದಿನಲ್ಲಷ್ಟೇ ಗಂಟು ಮರಳುತ್ತಾ, ಒಂದರಿಂದೊಂದಕ್ಕೆ ಸುರಂಗದಂತೆ ಸೋರುತ್ತಾ, ಗಾಯದ ಕಲೆ ಉಳಿಯುತ್ತಿದ್ದರೆ ಅದು ಹಿಡ್ರಾಡಿನೈಟಿಸ್ ಸಪ್ಪುರಟಿವಾ ಇರಬಹುದು. ಅದು ಉರಿಯೂತದ ಕಾಯಿಲೆ, ಅದರ ದಾರಿಯೇ ಬೇರೆ.

ಮಸುಕು ಮಚ್ಚೆ

ಬಣ್ಣ ಮಸುಕಾದ ಮಚ್ಚೆಯನ್ನು ಚಿಬ್ಬು ಎಂದೋ ತೊನ್ನಿನ ಆರಂಭ ಎಂದೋ ಬಿಟ್ಟಿದ್ದರೆ ಸ್ಪರ್ಶ ಪರೀಕ್ಷೆ ಮಾಡಿಸಿ. ಮನೆಯಲ್ಲೂ ನೋಡಬಹುದು. ಹತ್ತಿಯನ್ನು ಹೊಸೆದು ಮೊನೆ ಮಾಡಿ, ಮೊದಲು ಕಣ್ಣು ತೆರೆದಿರುವಾಗ ಒಳ್ಳೆಯ ಚರ್ಮಕ್ಕೆ ತಾಗಿಸಿ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಮಚ್ಚೆಗೆ, ಒಮ್ಮೆ ಪಕ್ಕದ ಚರ್ಮಕ್ಕೆ ತಾಗಿಸಿ, ತಾಗಿದ ಜಾಗವನ್ನು ಬೆರಳಲ್ಲಿ ತೋರಿಸಲು ಹೇಳಿ. ಸವರಬಾರದು, ಮುಟ್ಟಿ ತೆಗೆಯಬೇಕು. ಮಚ್ಚೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ಕುಷ್ಠದ ಪರೀಕ್ಷೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮುಖದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು, ಅದೊಂದರಿಂದ ಇಲ್ಲ ಎನ್ನಲಾಗದು. ಕೆಲವೇ ಮಚ್ಚೆಗಳಿರುವ ಬಗೆಯಲ್ಲಿ ಚರ್ಮದ ಸ್ಮಿಯರ್ (ಚರ್ಮದಿಂದ ಕೆರೆದದ್ದನ್ನು ಗಾಜಿನ ಮೇಲೆ ಸವರಿ ರೋಗಾಣು ಹುಡುಕುವುದು) ಕೂಡ ನೆಗೆಟಿವ್ ಬರುತ್ತದೆ. ಬಹು ಔಷಧಿ ಚಿಕಿತ್ಸೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ಬಗೆಯನ್ನು ನೋಡಿ 6 ಅಥವಾ 12 ತಿಂಗಳು. ತಡಮಾಡಿದರೆ ನರ ಹಾಳಾಗುತ್ತದೆ, ಅದು ಔಷಧಿಯಿಂದ ಪೂರ್ತಿ ಮರಳುವುದಿಲ್ಲ.

ಕಲ್ಚರ್‌ನಲ್ಲಿ ಏನೂ ಬೆಳೆಯದ ಗಂಟು

ಇದು ಅತಿ ಹೆಚ್ಚು ತಪ್ಪುವ ಜಾಗ. ಇಂಜೆಕ್ಷನ್ ಚುಚ್ಚಿದ ಕಡೆ, ಲ್ಯಾಪ್ರೋಸ್ಕೋಪಿಯ ಸಣ್ಣ ಗಾಯದಲ್ಲಿ, ವಾಸಿಯಾದ ಮೇಲೆ ಮೂರು, ನಾಲ್ಕು, ಆರು ವಾರಕ್ಕೆ ಗಂಟು ಎದ್ದು ಸೋರುತ್ತದೆ. ಜ್ವರ ಇರುವುದಿಲ್ಲ. ಕಲ್ಚರ್ ‘ಬೆಳವಣಿಗೆ ಇಲ್ಲ’ ಎಂದು ಬರುತ್ತದೆ. ಎರಡು ಮೂರು ಆ್ಯಂಟಿಬಯೋಟಿಕ್ ಬದಲಾಗುತ್ತವೆ, ಗಂಟು ಕತ್ತರಿಸಿ ತೆಗೆಯುತ್ತಾರೆ, ಮತ್ತೆ ಏಳುತ್ತದೆ.

ಇಲ್ಲಿ ನೆನಪಾಗಬೇಕಾದದ್ದು ಕ್ಷಯೇತರ ಮೈಕೋಬ್ಯಾಕ್ಟೀರಿಯಾ, ಅಂದರೆ ಕ್ಷಯದ ಬ್ಯಾಕ್ಟೀರಿಯಾದ ಕುಲಕ್ಕೇ ಸೇರಿದ, ಆದರೆ ಕ್ಷಯ ತರದ ಬ್ಯಾಕ್ಟೀರಿಯಾ. ಫಾರ್ಚುಯಿಟಮ್, ಚೆಲೋನೆ, ಆ್ಯಬ್ಸೆಸಸ್ ಎಂಬ ಪ್ರಭೇದಗಳು ನೀರಿನಲ್ಲಿ, ಸರಿಯಾಗಿ ಶುದ್ಧಿಯಾಗದ ಉಪಕರಣದಲ್ಲಿ ಉಳಿಯುತ್ತವೆ. ಸಾಮಾನ್ಯ ಕಲ್ಚರ್ ತಟ್ಟೆಯನ್ನು ಲ್ಯಾಬಿನವರು ಒಂದೆರಡು ದಿನದಲ್ಲಿ ಎಸೆಯುತ್ತಾರೆ. ಇವುಗಳಲ್ಲಿ ಬೇಗ ಬೆಳೆಯುವವಕ್ಕೇ ಸುಮಾರು ಒಂದು ವಾರ ಬೇಕು, ನಿಧಾನದವಕ್ಕೆ ಆರು ವಾರ. ಮೀನು ಮತ್ತು ಅಕ್ವೇರಿಯಂನಿಂದ ತಗಲುವ ಮರೈನಮ್ ಪ್ರಭೇದದ್ದು ಇನ್ನೊಂದು ಹಟ. ಅದು ಸುಮಾರು 30 ಡಿಗ್ರಿಯಲ್ಲಿ ಬೆಳೆಯುತ್ತದೆ, ಲ್ಯಾಬಿನಲ್ಲಿ ಕಲ್ಚರ್ ಬೆಳೆಸುವ ಪೆಟ್ಟಿಗೆ ಇರುವುದು 37 ಡಿಗ್ರಿಯಲ್ಲಿ. ಮೀನಿನ ವಿಷಯ ಚೀಟಿಯಲ್ಲಿ ಬರೆಯದಿದ್ದರೆ ಯಾರೂ ತಾಪ ಬದಲಿಸುವುದಿಲ್ಲ.

ಇನ್ನೊಂದು ತಿರುವಿನಲ್ಲಿ ಎಎಫ್‌ಬಿ (ಮೈಕೋಬ್ಯಾಕ್ಟೀರಿಯಾ ಗುಂಪನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ) ಬಣ್ಣ ಹಾಕಿದಾಗ ಬ್ಯಾಕ್ಟೀರಿಯಾ ಕಾಣುತ್ತದೆ, ಕೂಡಲೇ ಕ್ಷಯದ ಮಾತ್ರೆ ಶುರುವಾಗುತ್ತದೆ. ಎಎಫ್‌ಬಿ ಎಂದರೆ ಕ್ಷಯ ಒಂದೇ ಅಲ್ಲ. ಬೇಗ ಬೆಳೆಯುವ ಈ ಪ್ರಭೇದಗಳ ಮೇಲೆ ಕ್ಷಯದ ಮೊದಲ ಸಾಲಿನ ಔಷಧಿಗಳು ನಡೆಯುವುದಿಲ್ಲ. ಕೇಳಬೇಕಾದ ಪ್ರಶ್ನೆ: ‘ಸಿಬಿನಾಟ್ ಆಗಿದೆಯೇ? ಪ್ರಭೇದ ಯಾವುದೆಂದು ಗುರುತಿಸಿದ್ದಾರೆಯೇ?’ ಸಿಬಿನಾಟ್ ಎಂಬುದು ಬ್ಯಾಕ್ಟೀರಿಯಾದ ಜೀನ್ ಹುಡುಕುವ ಯಂತ್ರಪರೀಕ್ಷೆ, ಅದು ಹುಡುಕುವುದು ಕ್ಷಯದ ಗುಂಪನ್ನು ಮಾತ್ರ. ಎಎಫ್‌ಬಿ ಪಾಸಿಟಿವ್, ಸಿಬಿನಾಟ್ ನೆಗೆಟಿವ್ ಎಂದರೆ ಕ್ಷಯೇತರದ ಸಂಶಯ ಗಟ್ಟಿಯಾಗಬೇಕು. ಚರ್ಮದ ಕ್ಷಯದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರುವುದರಿಂದ ಸಿಬಿನಾಟ್ ನೆಗೆಟಿವ್ ಒಂದರಿಂದಲೇ ಕ್ಷಯವಿಲ್ಲ ಎಂದೂ ಹೇಳಲಾಗದು. ಕೈಗೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಪಾಸಿಟಿವ್ ಬಂದರೆ ನಮ್ಮ ದೇಶದಲ್ಲಿ ಅದು ಏನನ್ನೂ ಖಚಿತಪಡಿಸುವುದಿಲ್ಲ.

ಕರಾವಳಿ, ಮಳೆಗಾಲ, ಮಧುಮೇಹ

ಈ ಮೂರು ಸೇರಿದ ಕಡೆ ಕೀವುಬಾವು ಎದ್ದರೆ ಮೆಲಿಯಾಯ್ಡೋಸಿಸ್ ನೆನಪಿರಲಿ. ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲ್ಲೆ ಎಂಬ ಬ್ಯಾಕ್ಟೀರಿಯಾ ಮಣ್ಣು, ಕೆಸರು ನೀರಿನಲ್ಲಿ ಇರುತ್ತದೆ. ಉಡುಪಿ, ದಕ್ಷಿಣ ಕನ್ನಡದ ಕಡೆ ಹೊಸದೇನಲ್ಲ, ಮಣಿಪಾಲದ ವೈದ್ಯರು ಇದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಚರ್ಮದಲ್ಲಿ ಬರೀ ಒಂದು ಹುಣ್ಣಾಗಿ ಕಾಣಬಹುದು, ಒಳಗೆ ಶ್ವಾಸಕೋಶ, ಯಕೃತ್ತು, ಗುಲ್ಮದಲ್ಲಿ ಕೀವು ಇರಬಹುದು. ಕ್ಷಯ ಎಂದು ತಿಳಿದು ತಿಂಗಳು ಕಳೆಯುವುದು ಇದರಲ್ಲೂ ಸಾಮಾನ್ಯ.

ಸಣ್ಣ ಲ್ಯಾಬುಗಳಲ್ಲಿ ಇದನ್ನು ‘ಸ್ಯೂಡೋಮೊನಾಸ್ ಪ್ರಭೇದ’ ಎಂದು ಬರೆದುಬಿಡುತ್ತಾರೆ. ರಿಪೋರ್ಟಿನಲ್ಲಿ ಜೆಂಟಮೈಸಿನ್ ಮತ್ತು ಕೊಲಿಸ್ಟಿನ್ ಅಥವಾ ಪಾಲಿಮಿಕ್ಸಿನ್ ಎದುರು ‘ಆರ್’ (ಔಷಧಿಗೆ ಬಗ್ಗುವುದಿಲ್ಲ), ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎದುರು ‘ಎಸ್’ (ಬಗ್ಗುತ್ತದೆ) ಇದ್ದರೆ ಆ ಹಾಳೆ ಹಿಡಿದು ದೊಡ್ಡ ಆಸ್ಪತ್ರೆಯ ಮೈಕ್ರೊಬಯಾಲಜಿ ವಿಭಾಗಕ್ಕೆ ಹೋಗಿ, ‘ಇದು ಬರ್ಕ್‌ಹೋಲ್ಡೇರಿಯಾ ಇರಬಹುದೇ’ ಎಂದು ಕೇಳಿ. ಚಿಕಿತ್ಸೆ ರಕ್ತನಾಳದ ಮೂಲಕ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಕನಿಷ್ಠ 10ರಿಂದ 14 ದಿನ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಸುಮಾರು 3 ತಿಂಗಳು. ನಡುವೆ ಬಿಟ್ಟರೆ ಮರಳುತ್ತದೆ.

ಸ್ಯಾಂಪಲ್ ಕೊಡುವ ದಿನ

ಆ್ಯಂಟಿಬಯೋಟಿಕ್ ನುಂಗುತ್ತಿದ್ದರೆ, ತುರ್ತಿಲ್ಲದ ಹಳೆಯ ಸೋಂಕಾದರೆ, ಎಷ್ಟು ದಿನ ಬಿಟ್ಟು ಸ್ಯಾಂಪಲ್ ಕೊಡಬೇಕೆಂದು ವೈದ್ಯರನ್ನು ಕೇಳಿ. ಎಳೆಯುತ್ತಿರುವ ಸೋಂಕಿನಲ್ಲಿ ಎರಡು ವಾರದವರೆಗೂ ಬಿಡಿಸುವುದುಂಟು. ನೀವಾಗಿ ನಿಲ್ಲಿಸಬೇಡಿ.

ಗಾಯದ ಮೇಲ್ಮೈಗೆ ಹತ್ತಿಕಡ್ಡಿ ಒರೆಸಿದರೆ ಸಿಗುವುದು ಚರ್ಮದ ಮೇಲಿನ ಸಾಮಾನ್ಯ ನಿವಾಸಿಗಳು. ಹಕ್ಕಳೆ ತೆಗೆದು, ಸಲೈನ್‌ನಲ್ಲಿ ತೊಳೆದು, ಒಳಗಿನ ಕೀವನ್ನು ಸಿರಿಂಜಿನಲ್ಲಿ ಎಳೆದರೆ ಉತ್ತಮ. ತುಂಡು ತೆಗೆದರೆ ಇನ್ನೂ ಉತ್ತಮ. ಬೆಳಿಗ್ಗೆಯೇ ಹೋಗಿ, ಸ್ಯಾಂಪಲ್ ಎಷ್ಟು ಗಂಟೆಗೆ ಲ್ಯಾಬಿಗೆ ಹೊರಡುತ್ತದೆ ಎಂದು ಕೇಳಿ. ಸಂಜೆ ಕೊಟ್ಟದ್ದು ಕಲೆಕ್ಷನ್ ಸೆಂಟರಿನಲ್ಲಿ ರಾತ್ರಿ ಕಳೆದು ಮರುದಿನ ನಗರಕ್ಕೆ ಹೋದರೆ ಅದರ ಮೇಲೆ ನಂಬಿಕೆ ಇಡುವುದು ಕಷ್ಟ.

ಬಯಾಪ್ಸಿಗೆ ಮುನ್ನ ವೈದ್ಯರಿಗೆ ಹೇಳಲೇಬೇಕಾದ ಒಂದು ಮಾತಿದೆ: ‘ಕಲ್ಚರ್‌ಗೂ ಒಂದು ತುಂಡು ಬೇಕಲ್ಲವೇ?’ ಫಾರ್ಮಲಿನ್‌ಗೆ ಬಿದ್ದ ಕ್ಷಣದಿಂದ ಬ್ಯಾಕ್ಟೀರಿಯಾ ಸಾಯುತ್ತದೆ, ಆಮೇಲೆ ಕಲ್ಚರ್ ಅಸಾಧ್ಯ. ಒಂದು ತುಂಡು ಫಾರ್ಮಲಿನ್‌ಗೆ ಹೋಗಲಿ, ಅದು ಸೂಕ್ಷ್ಮದರ್ಶಕಕ್ಕೆ. ಇನ್ನೊಂದು ಕ್ರಿಮಿರಹಿತ (ಸ್ಟೆರೈಲ್) ಡಬ್ಬಿಯಲ್ಲಿ ಸ್ವಲ್ಪ ಸಲೈನ್ ಜೊತೆ ಹೋಗಲಿ, ಅದು ಕಲ್ಚರ್‌ಗೆ. ಸಾಮಾನ್ಯವಾಗಿ ಚರ್ಮವನ್ನು ದುಂಡಗೆ ಕತ್ತರಿಸುವ 4 ಮಿಲಿಮೀಟರ್ ಪಂಚ್ ಬಳಸುತ್ತಾರೆ, ಗಂಟು ಆಳದಲ್ಲಿದ್ದರೆ ಅದು ಸಾಲದು, ಚಾಕುವಿನಲ್ಲಿ ಕೊಬ್ಬಿನವರೆಗೆ ತೆಗೆಯಬೇಕು. ಚೀಟಿಯಲ್ಲಿ ಇರಬೇಕಾದದ್ದು: ನಿಮ್ಮ ಟಿಪ್ಪಣಿಯ ಇಂಜೆಕ್ಷನ್ ಅಥವಾ ಮೀನಿನ ಸಾಲು, ಗ್ರಾಂ, ಜೀಲ್-ನೀಲ್ಸನ್, ಫೈಟ್, ಪಿಎಎಸ್ ಬಣ್ಣಗಳು, ಸಾಮಾನ್ಯ, ಫಂಗಸ್ ಮತ್ತು ಎಎಫ್‌ಬಿ ಕಲ್ಚರ್, ಆರು ವಾರ ಇಡಬೇಕು ಎಂಬ ಸೂಚನೆ.

ರಿಪೋರ್ಟ್ ಮತ್ತು ಎರಡನೇ ಅಭಿಪ್ರಾಯ

ಏನೋ ಬೆಳೆದಿದೆ ಎಂದ ಮಾತ್ರಕ್ಕೆ ಅದೇ ಕಾರಣವಲ್ಲ. ಕಾಲಿನ ಹಳೆಯ ಹುಣ್ಣಿನಲ್ಲಿ ಯಾವತ್ತೂ ಏನಾದರೊಂದು ಬೆಳೆಯುತ್ತದೆ. ‘ಕೋಯಾಗುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್’ ಹೆಚ್ಚಾಗಿ ಚರ್ಮದ ಮೇಲಿನದ್ದೇ. ‘ಬೆಳವಣಿಗೆ ಇಲ್ಲ’ ಎಂಬ ಸಾಲಿನ ಪಕ್ಕ ಎಷ್ಟು ಗಂಟೆಯ ನಂತರ ಎಂದು ಬರೆದಿರುತ್ತದೆ, ಅದನ್ನು ನೋಡದೆ ಬಿಡಬೇಡಿ. ಬಯಾಪ್ಸಿಯಲ್ಲಿ ‘ಗ್ರಾನುಲೋಮಾ’ (ರಕ್ಷಣಾ ಕೋಶಗಳ ಗುಂಪು) ಎಂದರೆ ಕ್ಷಯ, ಕ್ಷಯೇತರ, ಕುಷ್ಠ, ಫಂಗಸ್ ಯಾವುದೂ ಇರಬಹುದು, ಅಷ್ಟರಲ್ಲೇ ಹೆಸರು ಇಡುವಂತಿಲ್ಲ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಹಾಳೆಯಷ್ಟೇ ಸಾಲದು. ಲ್ಯಾಬಿನಲ್ಲಿ ಬಯಾಪ್ಸಿ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್ ಇರುತ್ತವೆ, ಬರೆದು ಕೊಟ್ಟು ಪಡೆಯಿರಿ. ಹೊಸ ಬಣ್ಣಗಳನ್ನು ಅದೇ ಬ್ಲಾಕಿನ ಮೇಲೆ ಹಾಕಬಹುದು, ಮತ್ತೆ ಕತ್ತರಿಸಬೇಕಿಲ್ಲ. 2002ರ ವೈದ್ಯಕೀಯ ನಡವಳಿಕೆ ನಿಯಮದಂತೆ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಯ್ದಿಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳದೆ ತಾರೀಖು ಹಾಕಿದ ಅರ್ಜಿ ಕೊಟ್ಟು ಪ್ರತಿಯ ಮೇಲೆ ಸಹಿ ಪಡೆಯಿರಿ. ಚರ್ಮರೋಗ ವಿಭಾಗವೂ ಮೈಕ್ರೊಬಯಾಲಜಿಯೂ ಒಂದೇ ಆವರಣದಲ್ಲಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವುದು ಲೇಸು. ಬೆಂಗಳೂರಿನ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ ಅಂಥವು. ನಾಲ್ಕು ಕ್ಲಿನಿಕ್ ಸುತ್ತುವುದಕ್ಕಿಂತ ಇಂಥ ಒಂದು ಕಡೆ ಮೂರು ಸಲ ಹೋಗುವುದರಲ್ಲಿ ಉತ್ತರ ಬೇಗ ಸಿಗುತ್ತದೆ, ಏಕೆಂದರೆ ಹಿಂದಿನ ಭೇಟಿಯ ಗಾಯ ಹೇಗಿತ್ತೆಂದು ಅವರ ದಾಖಲೆಯಲ್ಲೇ ಇರುತ್ತದೆ.

ಸರಿಯಾದ ಔಷಧಿ ಶುರುವಾದ ಮೇಲೆ

ಎಷ್ಟು ದಿನಕ್ಕೆ ಏನು ಬದಲಾಗಬೇಕು ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಎರಿತ್ರಾಸ್ಮಾ ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ. ಕ್ಷಯೇತರ ಮೈಕೋಬ್ಯಾಕ್ಟೀರಿಯಾಕ್ಕೆ ಒಂದಕ್ಕಿಂತ ಹೆಚ್ಚು ಔಷಧಿ ತಿಂಗಳುಗಟ್ಟಲೆ ಬೇಕು, ಮೊದಲ ತಿಂಗಳು ಹೆಚ್ಚೇನೂ ಕಾಣದಿರಬಹುದು. ಒಂದೇ ಔಷಧಿ ಕೊಟ್ಟರೆ ಅದಕ್ಕೆ ಪ್ರತಿರೋಧ ಬೆಳೆಯುವ ಅಪಾಯವಿದೆ. ಕುಷ್ಠದಲ್ಲಿ ಚಿಕಿತ್ಸೆ ಮುಗಿದಾಗಲೂ ಮಚ್ಚೆ ಉಳಿದಿರುತ್ತದೆ, ಅದರ ಅರ್ಥ ಔಷಧಿ ಸೋತಿತು ಎಂದಲ್ಲ.

ನಮ್ಮ ಮೈಬಣ್ಣದಲ್ಲಿ ಸೋಂಕು ವಾಸಿಯಾದ ಜಾಗ ಕಂದು ಇಲ್ಲವೇ ಕಪ್ಪಾಗಿ ಹಲವು ತಿಂಗಳು ಉಳಿಯುತ್ತದೆ. ಹೊಟ್ಟಿಲ್ಲ, ಉಬ್ಬಿಲ್ಲ, ಸೋರುವುದಿಲ್ಲ, ಒತ್ತಿದರೆ ಗಟ್ಟಿಯಿಲ್ಲ, ಅಂಚು ಬೆಳೆಯುತ್ತಿಲ್ಲ ಎಂದರೆ ಅದು ಬರೀ ಕಲೆ. ಅದನ್ನು ಕಂಡು ಹಳೆಯ ಟ್ಯೂಬ್ ತೆಗೆಯುವವರು ಬಹಳ. ಹಳೆಯ ಟ್ಯೂಬುಗಳನ್ನು ಎಸೆಯುವ ಮುನ್ನ ಒಟ್ಟಿಗೆ ಇಟ್ಟು ಫೋಟೋ ತೆಗೆದಿಡಿ, ಮುಂದೆ ಯಾರಾದರೂ ‘ಏನೇನು ಹಚ್ಚಿದ್ದಿರಿ’ ಎಂದು ಕೇಳಿದಾಗ ತೋರಿಸಲು ಬೇಕಾಗುತ್ತದೆ.